ಮಂಜಿಯ ಮೂತಿಯನ್ನು ಹುಡುಕಿಕೊಂಡು ಬೇಪೂರಿಗೆ

ನಿವೃತ್ತರಾದವರ ಮನೆಯಲ್ಲಿ ಏನೇನು ಸಂಭವಿಸುತ್ತದೆಂಬುದನ್ನು ಆ ಮನೆಯವರೇ ಬಲ್ಲರು. ಕೆಲವರು ಪಾರಾಯಣಕ್ಕೆ ಕೂಡುತ್ತಾರೆ. ಕೆಲವರು ಹೋಮಿಯೋಪತಿಯ ಪೆಟ್ಟಿಗೆ ತರುತ್ತಾರೆ. ಇನ್ನು ಕೆಲವರು ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಗಳಾಗಿ ನೆರೆಹೊರೆಯವರ ನಿದ್ದೆ ಕೆಡಿಸುತ್ತಾರೆ. ನಮ್ಮ ಮನೆಗೆ ಬಂದದ್ದು ಹಡಗು.

2013ರಲ್ಲಿ ನಮ್ಮ ಯಜಮಾನರಿಗೆ ನಿವೃತ್ತಿಯಾದಾಗ ಮಗ ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆಯನ್ನು ಉಡುಗೊರೆಯಾಗಿ ಕೊಟ್ಟ. ತೆರೆದು ನೋಡಿದರೆ ಒಳಗೆ ಮರದ ಸಣ್ಣ ಸಣ್ಣ ಪಟ್ಟಿಗಳು, ಹಿತ್ತಾಳೆಯ ಪುಟ್ಟ ಫಿರಂಗಿಗಳು, ದಾರದ ಉಂಡೆಗಳು, ಹಾಸಿಗೆಯಷ್ಟು ಅಗಲವಾದ ನಕ್ಷೆಗಳು. 'ವಿಕ್ಟರಿ' ಎಂಬ ಇಂಗ್ಲಿಷರ ಯುದ್ಧನೌಕೆಯ ಮಾದರಿಯಂತೆ ಅದು. 1765ರಲ್ಲಿ ನೀರಿಗಿಳಿದು, 1805ರ ಟ್ರಫಾಲ್ಗರ್ ಕದನದಲ್ಲಿ ನೆಲ್ಸನ್ ಯಾವುದರ ಮೇಲೆ ಪ್ರಾಣ ಬಿಟ್ಟನೋ ಆ ಹಡಗು, ಇಂದಿಗೂ ಪೋರ್ಟ್ಸ್‌ಮತ್ತಿನಲ್ಲಿದೆ. ನಮ್ಮ ಮಾಟುಂಗದ ಮನೆಯಲ್ಲಿರುವುದು ಎರಡೇ ಕೋಣೆ, ಒಂದೇ ಊಟದ ಮೇಜು. ಆ ಮೇಜು ಅಂದಿನಿಂದ ಆರು ವರ್ಷ ನೆಲ್ಸನ್ನನ ವಶವಾಯಿತು. ನಾವು ನೆಲದ ಮೇಲೆ ಎಲೆ ಹಾಕಿಕೊಂಡು ಉಂಡೆವು. ಅಂಟಿನ ವಾಸನೆಗೆ ಸಾರಿನ ಒಗ್ಗರಣೆಯೂ ಸೋತಿತು.

ಈ ಮಾದರಿಗಳನ್ನು ಕಟ್ಟುವ ಕ್ರಮವನ್ನು ಸ್ವಲ್ಪ ಹೇಳಿಬಿಡಬೇಕು, ಏಕೆಂದರೆ ಮುಂದಿನ ಕತೆಯೆಲ್ಲ ಅದರ ಮೇಲೆಯೇ ನಿಂತಿದೆ. ಮೊದಲು ಬೆನ್ನೆಲುಬಿನಂಥ ಒಂದು ಅಡಿಮರ. ಅದರಲ್ಲಿ ಸೀಳುಗಳಿರುತ್ತವೆ. ಆ ಸೀಳುಗಳಲ್ಲಿ ಪಕ್ಕೆಲುಬುಗಳಂತೆ ಅಡ್ಡಹಲಗೆಗಳನ್ನು ಒಂದೊಂದಾಗಿ ನಿಲ್ಲಿಸುತ್ತಾರೆ. ಈ ಎಲುಬಿನ ಗೂಡು ಸಿದ್ಧವಾದ ಮೇಲೆ ಮರದ ಪಟ್ಟಿಗಳನ್ನು ನೀರಿನಲ್ಲಿ ನೆನೆಸಿ, ಮೆಲ್ಲಗೆ ಬಗ್ಗಿಸಿ, ಗೂಡಿನ ಮೇಲೆ ಚರ್ಮದಂತೆ ಅಂಟಿಸುತ್ತಾರೆ. ಹಡಗಿನ ಆಕಾರವೆಲ್ಲ ಎಲುಬಿನಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ಪಟ್ಟಿ ಹೇಳಿದಂತೆ ಕೇಳಿಕೊಂಡು ಬಾಗಬೇಕಷ್ಟೆ.

2019ರಲ್ಲಿ 'ವಿಕ್ಟರಿ' ಮುಗಿಯಿತು. ನಮ್ಮ ಸಂಘದ ದೀಪಾವಳಿ ಕೂಟಕ್ಕೂ ಹೋಗಿ ಬಂತು. ಅಲ್ಲಿ ಹಿರಿಯರೊಬ್ಬರು ಸುತ್ತಲೂ ತಿರುಗಿ ನೋಡಿ, "ಎಲ್ಲ ಸರಿ, ಆದರೆ ಈ ಮುಂಬಯಿಯಲ್ಲೇ ಕಟ್ಟಿದ ಹಡಗುಗಳಿರಲಿಲ್ಲವೆ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. 1736ರಲ್ಲಿ ಸೂರತ್ತಿನಿಂದ ಬಂದ ಲವಜಿ ನಸರವಾನಜಿ ವಾಡಿಯಾ ಮತ್ತು ಅವರ ಮಕ್ಕಳು ಮೊಮ್ಮಕ್ಕಳು, ಕೋಟೆಯ ಲಯನ್ ಗೇಟಿನ ಒಳಗಿರುವ ಆ ಗೋದಿಯಲ್ಲಿ, ಮಲಬಾರಿನ ತೇಗದಿಂದ ಇಂಗ್ಲಿಷರ ನೌಕಾಪಡೆಗೇ ಹಡಗು ಕಟ್ಟಿಕೊಟ್ಟವರು. ಇಲ್ಲಿ 1813ರಲ್ಲಿ ಕಟ್ಟಿದ 'ಕಾರ್ನ್‌ವಾಲಿಸ್' ಹಡಗಿನ ಮೇಲೆಯೇ 1842ರಲ್ಲಿ ಚೀನದವರು ಹಾಂಗ್‌ಕಾಂಗನ್ನು ಬಿಟ್ಟುಕೊಟ್ಟ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿತ್ತು. ಜಮ್‌ಸೆಟ್‌ಜಿ ಬೊಮನ್‌ಜಿ ವಾಡಿಯಾ ಕಟ್ಟಿ 1817ರ ಅಕ್ಟೋಬರ್ 12ರಂದು ನೀರಿಗಿಳಿಸಿದ 'ಟ್ರಿಂಕೋಮಲಿ' ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇನ್ನೂ ತೇಲುತ್ತಿದೆ. ಅದಕ್ಕಾಗಿ ಲಂಡನ್ನಿನಿಂದ ಕಳುಹಿಸಿದ ನಕ್ಷೆಗಳು, ಅವನ್ನು ಹೊತ್ತ 'ಜಾವಾ' ಹಡಗು 1812ರಲ್ಲಿ ಅಮೆರಿಕದವರ ಕೈಗೆ ಸಿಕ್ಕಿ ನಾಶವಾದಾಗ ಅದರೊಂದಿಗೇ ಹೋದವು. ಹೊಸ ಪ್ರತಿಗಳು ಬರುವವರೆಗೆ ಕಾಯಬೇಕಾಯಿತು.

ನಕ್ಷೆಯಿದ್ದರೆ ಹಡಗು, ಇಲ್ಲದಿದ್ದರೆ ಇಲ್ಲ. ಇದನ್ನು ಯೋಚಿಸುತ್ತ ಮನೆಗೆ ಬಂದ ಯಜಮಾನರು ರಾತ್ರಿ ಮಲಗುವ ಹೊತ್ತಿಗೆ, "ಮಂಜಿ ಕಟ್ಟುತ್ತೇನೆ" ಎಂದರು.

ಕರಾವಳಿಯವರಿಗೆ ಮಂಜಿಯನ್ನು ಪರಿಚಯಿಸಬೇಕಾಗಿಲ್ಲ. ಘಟ್ಟದ ಮೇಲಿನ ವಾಚಕರಿಗಾಗಿ ಹೇಳುವುದಾದರೆ, ಅದು ಸರಕು ಸಾಗಿಸುವ ಮರದ ಹಾಯಿಹಡಗು. ನಮ್ಮವರ ಹುಟ್ಟೂರು ಗಂಗೊಳ್ಳಿ. ಐದು ನದಿಗಳು ಕೂಡಿ ಕಡಲು ಸೇರುವಲ್ಲಿರುವ ಆ ಬಂದರಿನಿಂದ ಒಂದು ಕಾಲದಲ್ಲಿ ಮಂಜಿಗಳೂ ಪತ್ತೆಮಾರಿಗಳೂ ಹಂಚು ತುಂಬಿಕೊಂಡು ಮುಂಬಯಿಗೆ ಬರುತ್ತಿದ್ದವು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕೆಲಸ ಕರಾವಳಿಯುದ್ದಕ್ಕೂ ಹಬ್ಬಿ, ಆ ಕೆಂಪು ಹಂಚುಗಳು ಮುಂಬಯಿಯ ಚಾಳುಗಳನ್ನೆಲ್ಲ ಹೊದಿಸಿದವು. ನಾವು ಬರುವುದಕ್ಕೆ ಮುಂಚೆಯೇ ನಮ್ಮೂರ ಮಣ್ಣು ಇಲ್ಲಿನ ತಲೆಯ ಮೇಲೆ ಕುಳಿತಿತ್ತು ಎಂದು ಯಜಮಾನರು ಹೇಳುವುದುಂಟು. ಮಾವನವರು ಬಂದರಿನಲ್ಲಿ ಹಂಚಿನ ಎಣಿಕೆ ಬರೆಯುವ ಗುಮಾಸ್ತರು. ಅವರ ತಮ್ಮ ಸರಕಿನೊಂದಿಗೆ ಮಂಜಿಯಲ್ಲಿ ಹೋಗುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಮಂಜಿಗಳನ್ನು ದಡಕ್ಕೆಳೆದು ಸೋಗೆ ಹೊದಿಸಿಟ್ಟರೆ, ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಟ್ಟ ಮೇಲೆಯೇ ಮತ್ತೆ ಹಾಯಿ.

ಇಂಥ ಮಂಜಿಗೆ ನಕ್ಷೆ ಎಲ್ಲಿಂದ ಬರಬೇಕು? ಯಜಮಾನರು ಬಾಲ್ಯದ ನೆನಪಿನಿಂದಲೇ ಬರೆದರು. ನಿಜವಾದ ಮಂಜಿಗೆ ಅರುವತ್ತಡಿಯೆಂದು ಹಿಡಿದು, ನಲವತ್ತಕ್ಕೆ ಒಂದರಂತೆ ಹದಿನೆಂಟು ಅಂಗುಲದ ಮಾದರಿ. ಹಳೆಯ ಬಾಗಿಲಿನ ತೇಗವನ್ನು ಸೀಳಿಸಿ ತಂದರು. ಲಾಕ್‌ಡೌನಿನ ಎರಡು ವರ್ಷ ಅದರಲ್ಲಿಯೇ ಕಳೆಯಿತು. ಆ ಹೊತ್ತಿನಲ್ಲಿ ಅದೊಂದು ಪುಣ್ಯವೇ ಆಯಿತೆಂದು ಒಪ್ಪಿಕೊಳ್ಳಬೇಕು.

2022ರ ಬೇಸಗೆಯಲ್ಲಿ ಮಂಜಿಯನ್ನು ಹತ್ತಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಗಂಗೊಳ್ಳಿಗೆ ಹೋದೆವು. ಅಲ್ಲಿ ನಮ್ಮ ದೊಡ್ಡ ಭಾವನವರಿದ್ದಾರೆ, ಯಜಮಾನರಿಗಿಂತ ಹದಿನಾಲ್ಕು ವರ್ಷಕ್ಕೆ ಹಿರಿಯರು. ಹುಡುಗರಾಗಿದ್ದಾಗ ಚಿಕ್ಕಪ್ಪನ ಜೊತೆ ನಾಲ್ಕಾರು ಸಲ ಮಂಜಿಯಲ್ಲಿ ಮುಂಬಯಿಗೆ ಬಂದವರು. ಈಗ ಕಣ್ಣು ಬಹುಮಟ್ಟಿಗೆ ಮಂಜಾಗಿದೆ. ಮಂಜಿಯನ್ನು ಅವರ ಮುಂದಿಟ್ಟೆವು. ಎರಡೂ ಕೈಗಳಿಂದ ಹಿಂದಿನಿಂದ ಸವರುತ್ತ ಬಂದರು. ಮುಖದಲ್ಲಿ ಒಂದು ಬಗೆಯ ಬೆಳಕು ಮೂಡಿತು. ಮೂತಿಗೆ ಬರುವಷ್ಟರಲ್ಲಿ ಕೈ ನಿಂತುಬಿಟ್ಟಿತು.

"ಇದ್ ಮಂಜಿ ಅಲ್ಲ ಮಾರಾಯ. ಸಾಯ್ಬ್ರ ಹಡಗಿನ ಮೂತಿ."

ಆರು ವರ್ಷ 'ವಿಕ್ಟರಿ'ಯ ಉರುಟು ಮೂತಿಯನ್ನು ತಿದ್ದಿದ ಕೈ, ಮಂಜಿಗೂ ಅದನ್ನೇ ಮಾಡಿತ್ತು. ಮಂಜಿಯ ಮೂತಿ ಹೇಗಿತ್ತೆಂದು ಕೇಳಿದರೆ ಭಾವನವರು ಗಾಳಿಯಲ್ಲಿ ಕೈ ಬೀಸಿ ತೋರಿಸುತ್ತಾರೆ, ಮಾತಿನಲ್ಲಿ ಬರುವುದಿಲ್ಲ. ಆ ರಾತ್ರಿ ಅವರು ನಮಗೆ ಎಂದೂ ಹೇಳದಿದ್ದ ಒಂದು ವಿಷಯವನ್ನು ಹೇಳಿದರು. 1955ರ ಮೇ ತಿಂಗಳ ಕೊನೆ. ಮಳೆ ಹತ್ತಿರ ಬಂದಿತ್ತು. ವರ್ಷದ ಕಡೆಯ ಸಾಗಾಟವೆಂದು ವ್ಯಾಪಾರಿಯೊಬ್ಬರ ಒತ್ತಾಯಕ್ಕೆ ಸಾಮಾನ್ಯಕ್ಕಿಂತ ಹೆಚ್ಚು ಹಂಚು ತುಂಬಿದರು. ಎಣಿಕೆ ಬರೆದವರು ಮಾವನವರೇ. ಹದಿನಾರರ ಹುಡುಗ ಭಾವನವರೂ ಹೊರಟಿದ್ದರು. ಜ್ವರ ಬಂತೆಂದು ಚಿಕ್ಕಪ್ಪ ಅವರನ್ನು ಹೊನ್ನಾವರದಲ್ಲಿ ಇಳಿಸಿ ಪರಿಚಯದ ಮನೆಯಲ್ಲಿ ಬಿಟ್ಟು ಮುಂದೆ ಹೋದರು. ಮಂಜಿ ಮುಂಬಯಿಗೆ ತಲುಪಲಿಲ್ಲ. ಮಾವನವರು ಆ ಮೇಲೆ ಬಂದರಿನ ಕೆಲಸಕ್ಕೆ ಹೋಗಲಿಲ್ಲವೆಂಬುದು ಮಾತ್ರ ನಮಗೆ ಗೊತ್ತಿತ್ತು, ಏಕೆಂಬುದು ಗೊತ್ತಿರಲಿಲ್ಲ. ಚಿಕ್ಕಪ್ಪ ಹೋದಾಗ ಯಜಮಾನರು ಎರಡು ವರ್ಷದ ಕೂಸು.

ಮುಂಬಯಿಗೆ ಮರಳಿದ ಮೇಲೆ ಯಜಮಾನರು ಮಂಜಿಯ ಮುಂಭಾಗವನ್ನು ಗರಗಸದಿಂದ ಕೊಯ್ದುಹಾಕಿದರು. ಮೂರು ಸಲ ಹೊಸದಾಗಿ ಮಾಡಿದರೂ ಅವರಿಗೇ ಒಪ್ಪಿಗೆಯಾಗಲಿಲ್ಲ. ಕಡೆಗೆ, ಮರದ ಹಡಗನ್ನು ಇಂದಿಗೂ ಕೈಯಿಂದ ಕಟ್ಟುವವರನ್ನೇ ನೋಡಿ ಬರುವುದೆಂದು ತೀರ್ಮಾನವಾಯಿತು. ಕಚ್ಛದ ಮಾಂಡವಿಯೂ ಇಂಥ ಊರೇ. ಆದರೆ ನಮ್ಮ ತೀರದ ಮಂಜಿಗೆ ಮಲಬಾರಿನ ಬೇಪೂರು ಹತ್ತಿರದ ನಂಟಸ್ತಿಕೆ. 2023ರ ಜನವರಿಯಲ್ಲಿ ನೇತ್ರಾವತಿ ಎಕ್ಸ್‌ಪ್ರೆಸ್ಸಿಗೆ ಟಿಕೆಟು ತೆಗೆಸಿದೆವು.

ಕೊಂಕಣ ರೈಲ್ವೆಯ ಸುರಂಗಗಳನ್ನೂ ಸೇತುವೆಗಳನ್ನೂ ವರ್ಣಿಸಿ ಈ ಪತ್ರಿಕೆಯ ಪುಟ ತುಂಬುವುದಿಲ್ಲ. ವಾಚಕರಲ್ಲಿ ಅರ್ಧದಷ್ಟು ಜನ ವರ್ಷಕ್ಕೆರಡು ಬಾರಿ ಅದೇ ದಾರಿಯಲ್ಲಿ ಊರಿಗೆ ಹೋಗಿ ಬರುವವರು. ನಡುರಾತ್ರಿ ಕಳೆದ ಮೇಲೆ ಕುಂದಾಪುರ ಬಂತು. ಇಳಿಯದೆ ಕುಂದಾಪುರವನ್ನು ದಾಟಿದ್ದು ನಮ್ಮ ಜೀವಮಾನದಲ್ಲಿ ಅದೇ ಮೊದಲು. ಇಬ್ಬರೂ ಎದ್ದು ಕುಳಿತು ಕಿಟಕಿಯ ಹೊರಗೆ ನೋಡಿದೆವು, ಕತ್ತಲಲ್ಲಿ ಕಾಣುವುದಾದರೂ ಏನು! ಬೆಳಿಗ್ಗೆ ಕಲ್ಲಿಕೋಟೆ. ಪುಟ್ಟು, ಕಡಲೆ, ಚಹಾ ಮುಗಿಸಿ ಊರಿನ ಬಸ್ಸು ಹಿಡಿದರೆ ದಕ್ಷಿಣಕ್ಕೆ ಸುಮಾರು 10 ಕಿಲೋಮೀಟರು ದೂರದಲ್ಲಿ ಬೇಪೂರು.

ಚಾಲಿಯಾರ್ ನದಿ ಕಡಲು ಸೇರುವ ಊರು ಇದು. ಮೇಲೆ, ನದಿಯ ಹುಟ್ಟಿನ ಕಡೆಗೆ, ತೇಗಕ್ಕೆ ಹೆಸರಾದ ನೀಲಂಬೂರು. ಅಲ್ಲಿ ಮಲಬಾರಿನ ಕಲೆಕ್ಟರ್ ಕಾನೊಲಿ 1840ರ ದಶಕದಲ್ಲಿ ನೆಡಿಸಿದ ತೇಗದ ತೋಪು ಜಗತ್ತಿನ ಮೊದಲನೆಯ ತೇಗದ ನೆಡುತೋಪೆಂದು ಪ್ರಸಿದ್ಧವಾಗಿದೆ. ಕಡಿದ ದಿಮ್ಮಿಗಳನ್ನು ನದಿಯೇ ತೇಲಿಸಿಕೊಂಡು ಬರುತ್ತಿತ್ತು. ಕೆಳಗೆ ಹಡಗು ಕಟ್ಟುವವರು, ಅದರಾಚೆಗೆ ಅರಬರ ಕಡಲು. ಒಂದು ಕಸಬು ಒಂದೂರಿನಲ್ಲಿ ಏಕೆ ಬೇರೂರುತ್ತದೆಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಮೀನಿನ ಬಂದರು, ಕಡಲಿನೊಳಕ್ಕೆ ಒಂದು ಕಿಲೋಮೀಟರಿನಷ್ಟು ಚಾಚಿದ ಕಲ್ಲಿನ ಕಟ್ಟೆ, ಆಚೆಯ ದಡದ ಚಾಲಿಯಂಗೆ ಜನರನ್ನೂ ವಾಹನಗಳನ್ನೂ ದಾಟಿಸುವ ಜಂಗಾರ್ ದೋಣಿ. ನೋಡುವವರಿಗೆ ಅರ್ಧ ದಿನಕ್ಕೆ ಸಾಲುವಷ್ಟಿದೆ. ವೈಕಂ ಮುಹಮ್ಮದ್ ಬಷೀರರು ಬಾಳಿ, 1994ರಲ್ಲಿ ತೀರಿಕೊಂಡದ್ದೂ ಈ ಊರಿನಲ್ಲಿಯೇ. ಅವರನ್ನು ಕನ್ನಡದಲ್ಲಿ ಓದಿ ನಕ್ಕು ಅತ್ತವರು ನಾವು, ಆದರೆ ಆ ದಿನ ಯಜಮಾನರ ಮನಸ್ಸೆಲ್ಲ ಮೂತಿಯ ಮೇಲೆಯೇ ಇತ್ತು.

ಇಲ್ಲಿ ಕಟ್ಟುವ ಹಡಗಿಗೆ 'ಉರು' ಎಂದು ಹೆಸರು. ನದಿಯ ದಂಡೆಯಲ್ಲಿ, ತೆಂಗಿನ ಮರಗಳ ನಡುವೆ, ಸೋಗೆಯ ದೊಡ್ಡ ಚಪ್ಪರ. ಅದರ ಕೆಳಗೆ ಒಂದು ಉರು ನಿಂತಿತ್ತು. ನಿಂತಿತ್ತು ಎಂದರೆ ಸಾಲದು, ಮೂರಂತಸ್ತಿನ ಮನೆ ತಲೆಕೆಳಗಾಗಿ ಕುಳಿತಂತಿತ್ತು. ಸುತ್ತ ಬಿದಿರಿನ ಅಟ್ಟಣೆ. ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಶಂಕೆಯಿಂದ ಬಾಗಿಲಲ್ಲಿದ್ದ ಮುದುಕನಿಗೆ ಯಜಮಾನರು ಚೀಲದಿಂದ ಮೂತಿಯಿಲ್ಲದ ಮಂಜಿಯನ್ನು ತೆಗೆದು ತೋರಿಸಿದರು. ಅಷ್ಟೇ ಸಾಕಾಯಿತು. ಆತ ಮಂಜಿಯನ್ನು ಎತ್ತಿಕೊಂಡು ಒಳಗೆ ಹೋದ. ನಾವು ಹಿಂದೆ ಹೋದೆವು.

ಮೇಸ್ತ್ರಿಯ ವಯಸ್ಸು ಎಪ್ಪತ್ತರ ಸುಮಾರಿರಬಹುದು. ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲಿ ಅಳತೆಯ ಕೋಲು. ನಕ್ಷೆ ಎಲ್ಲಿದೆಯೆಂದು ಯಜಮಾನರು ಕೇಳಿದರೆ ಆತ ನಕ್ಕು ಹಣೆಯನ್ನು ಮುಟ್ಟಿ ತೋರಿಸಿದ. ಇಂಥಿಷ್ಟು ಉದ್ದ, ಇಂಥಿಷ್ಟು ಅಗಲ, ಇಷ್ಟು ಭಾರ ಹೊರಬೇಕು ಎಂದು ಗಿರಾಕಿ ಹೇಳಿದರೆ ಉಳಿದ ಲೆಕ್ಕವೆಲ್ಲ ತಲೆಯೊಳಗೆ. ಗಿರಾಕಿಗಳು ಹೆಚ್ಚಾಗಿ ಕೊಲ್ಲಿಯ ನಾಡುಗಳವರು. ಹಿಂದೆ ಸರಕಿಗಾಗಿ ಕೊಳ್ಳುತ್ತಿದ್ದರು, ಈಗ ವಿಹಾರಕ್ಕಾಗಿ. ಒಂದು ಉರುವಿಗೆ ವರ್ಷಗಳೇ ಬೇಕು.

ನಾವು ಅಲ್ಲಿ ಕಂಡ ಮುಖ್ಯವಾದ ಸಂಗತಿ ಇದು. ಹಡಗಿನ ಹೊರಹಲಗೆಗಳು ಬಹುಪಾಲು ಎದ್ದು ನಿಂತಿದ್ದವು. ಒಳಗೆ ಹತ್ತಿ ನೋಡಿದರೆ ಪಕ್ಕೆಲುಬುಗಳು ಅರ್ಧಕ್ಕೂ ಕಡಿಮೆ! ಯಜಮಾನರು ಬೆರಗಾಗಿ ನಿಂತುಬಿಟ್ಟರು. ಮೇಸ್ತ್ರಿಯ ಮಲೆಯಾಳ, ನಮ್ಮ ಕುಂದಾಪುರದ ಕನ್ನಡ, ಎರಡರ ನಡುವೆ ಕೈಬಾಯಿಸನ್ನೆ. ತಿಳಿದದ್ದು ಇಷ್ಟು: ಮೊದಲು ಅಡಿಮರ, ಅದರ ಎರಡು ತುದಿಗೆ ಮುಂದಿನ ಮತ್ತು ಹಿಂದಿನ ಕಂಬಗಳು. ಆ ಮೇಲೆ ಕೆಳಗಿನಿಂದ ಒಂದೊಂದೇ ಹಲಗೆ, ಅಂಚಿಗೆ ಅಂಚು ಕೂಡಿಸಿ. ಹಲಗೆಗಳೇ ಹೊಟ್ಟೆಯ ಆಕಾರವನ್ನು ಕಟ್ಟುತ್ತವೆ. ಪಕ್ಕೆಲುಬುಗಳನ್ನು ಅನಂತರ, ಒಳಗಿನ ಬಾಗಿಗೆ ಹೊಂದುವಂಥ ಬಾಗುಮರಗಳನ್ನೇ ಆರಿಸಿ, ಕೆತ್ತಿ ಕೂಡಿಸುತ್ತಾರೆ. ಸಂದುಗಳಿಗೆ ಹತ್ತಿ ಬಡಿದು ನೀರು ಬಾರದಂತೆ ಮಾಡುತ್ತಾರೆ. ಮೈಗೆಲ್ಲ ಮೀನೆಣ್ಣೆ. (ಆ ವಾಸನೆಯ ಮುಂದೆ ನಮ್ಮ ಮನೆಯ ಅಂಟು ಮಲ್ಲಿಗೆ ಹೂವೆನ್ನಬೇಕು.)

ಎಂದರೆ ನಮ್ಮ ಯಜಮಾನರು ಮಂಜಿಯನ್ನು ಹಿಂದುಮುಂದಾಗಿ ಕಟ್ಟಿದ್ದರು. ತಮ್ಮ ಊಹೆಯ ಎಲುಬುಗಳನ್ನು ನಿಲ್ಲಿಸಿ ಹಲಗೆಯನ್ನು ಅವಕ್ಕೆ ಬಲವಂತವಾಗಿ ಬಗ್ಗಿಸಿದ್ದರು. ಮೇಸ್ತ್ರಿ ಮಾದರಿಯನ್ನು ತಿರುವಿ ನೋಡಿ, ಒಳಗಿನ ಎಲುಬುಗಳನ್ನು ಬೆರಳಿನಿಂದ ತಟ್ಟಿ, ತಲೆಯಾಡಿಸಿದ. ಬಳಿಕ ನೆಲದಿಂದ ಒಂದು ತೆಳುವಾದ ಸಿಬಿರನ್ನು ಎತ್ತಿ, ಎರಡೂ ತುದಿ ಹಿಡಿದು ಸ್ವಲ್ಪ ತಿರುಚಿ ಬಗ್ಗಿಸಿದ. ಸಿಬಿರು ತಾನಾಗಿಯೇ ಒಂದು ಗೆರೆ ಹಿಡಿಯಿತು. ನೀಳವಾಗಿ ಹೋಗಿ, ತುದಿಯಲ್ಲಿ ಒಳಕ್ಕೆಳೆದುಕೊಂಡು, ಮುಂದಕ್ಕೆ ಬಾಗಿ ಮೇಲೇರುವ ಗೆರೆ. ಗಂಗೊಳ್ಳಿಯಲ್ಲಿ ಭಾವನವರು ಗಾಳಿಯಲ್ಲಿ ಕೈ ಬೀಸಿ ತೋರಿಸಿದ್ದು ಅದನ್ನೇ! ಯಜಮಾನರು ಆ ಸಿಬಿರನ್ನು ಕೇಳಿ ಪಡೆದು, ಕರವಸ್ತ್ರದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡರು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಖಲಾಸಿಗಳ ವಿಷಯ ಬಂತು. ಇಷ್ಟು ದೊಡ್ಡ ಉರುವನ್ನು ನೀರಿಗಿಳಿಸುವವರು ಈ ಮಾಪಿಳ್ಳೆ ಖಲಾಸಿಗಳು. ಕ್ರೇನು ಇಲ್ಲ. ಹಗ್ಗ, ರಾಟೆ, ಉರುಳುವ ದಿಮ್ಮಿಗಳು, ತೋಳುಗಳಿಂದ ತಿರುಗಿಸುವ ದಾವರ್ ಎಂಬ ಮರದ ಯಂತ್ರ. ಎಲ್ಲರ ಬಲವೂ ಒಮ್ಮೆಗೇ ಬೀಳಲೆಂದು ಒಂದು ಹಾಡು. 1988ರ ಜುಲೈಯಲ್ಲಿ ಬೆಂಗಳೂರಿನಿಂದ ಹೊರಟಿದ್ದ ಐಲೆಂಡ್ ಎಕ್ಸ್‌ಪ್ರೆಸ್ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಸರೋವರಕ್ಕೆ ಬಿದ್ದಾಗ ಮುಳುಗಿದ ಡಬ್ಬಿಗಳನ್ನು ಮೇಲೆತ್ತಿದ ಕೀರ್ತಿಯೂ ಇವರದೇ. ಈಗ ಆ ಮನೆತನಗಳ ಹುಡುಗರು ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಿದ್ದಾರೆಂದು ಮುದುಕ ಹೇಳಿದ. ನಮ್ಮ ಹುಡುಗರೇನು ಗಂಗೊಳ್ಳಿಯಲ್ಲಿದ್ದಾರೆಯೆ? ನಾವು ಸುಮ್ಮನಿದ್ದೆವು.

ಊರಿನ ಅಂಗಡಿಗಳಲ್ಲಿ ಉರುವಿನ ಪುಟ್ಟ ಮಾದರಿಗಳನ್ನು ಮಾರುತ್ತಾರೆ. ನೋಟಕ್ಕೆ ಚೆನ್ನಾಗಿವೆ. ಒಂದನ್ನು ಕೊಂಡು ತಂದಿದ್ದರೆ ನಾಲ್ಕು ವರ್ಷದ ಶ್ರಮ ಉಳಿಯುತ್ತಿತ್ತು ಎಂದು ಮಗಳು ಹೇಳಿದಾಗ ಯಜಮಾನರು ಎರಡು ದಿನ ಅವಳೊಡನೆ ಮಾತನಾಡಲಿಲ್ಲ.

ಹಳೆಯ ಮಂಜಿಯನ್ನು ಬಿಚ್ಚಿ, ಉಳಿದ ತೇಗದಿಂದ ಬೇಪೂರಿನ ಕ್ರಮದಲ್ಲಿಯೇ ಹೊಸದಾಗಿ ಆರಂಭಿಸಿದರು. ಎಲುಬಿಲ್ಲದೆ ಹಲಗೆ ನಿಲ್ಲುವುದು ಸುಲಭವಲ್ಲ. ಬಟ್ಟೆಯ ಕ್ಲಿಪ್ಪುಗಳು ಒಂದೂ ಉಳಿಯಲಿಲ್ಲ. ಮಳೆಗಾಲದಲ್ಲಿ ನಮ್ಮ ಸೀರೆಗಳು ಹಗ್ಗದ ಮೇಲಿಂದ ಹಾರಿಹೋಗುತ್ತಿದ್ದವು. ಇದೇ ಹೊತ್ತಿನಲ್ಲಿ, 2023ರ ಸೆಪ್ಟೆಂಬರಿನಲ್ಲಿ, ಸರ್ಕಾರದವರೂ ಗೋವೆಯಲ್ಲಿ ಇಂಥದೇ ಸಾಹಸಕ್ಕೆ ಕೈ ಹಾಕಿದ ಸುದ್ದಿ ಬಂತು. ಅಜಂತದ ಗುಹೆಯ ಒಂದು ಚಿತ್ರವನ್ನು ನೋಡಿ, ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದು, ಕೇರಳದ ಕುಶಲಿಗಳಿಂದ ಕಟ್ಟಿಸಿದ ಹಡಗದು. ನಕ್ಷೆ ಅದಕ್ಕೂ ಇರಲಿಲ್ಲ. ಆಕಾರವನ್ನು ಊಹಿಸಿ, ಚಿಕ್ಕ ಮಾದರಿಯನ್ನು ಮದರಾಸಿನ ಐಐಟಿಯಲ್ಲಿ ನೀರಿನಲ್ಲಿ ಪರೀಕ್ಷಿಸಿದರಂತೆ. 2025ರ ಮೇ 21ರಂದು ನಮ್ಮ ಕಾರವಾರದಲ್ಲಿಯೇ 'ಕೌಂಡಿನ್ಯ' ಎಂಬ ಹೆಸರಿನಿಂದ ಅದು ನೌಕಾಪಡೆಗೆ ಸೇರಿತು. ಪತ್ರಿಕೆಯಲ್ಲಿ ಬಂದ ಚಿತ್ರವನ್ನು ಕತ್ತರಿಸಿ ಯಜಮಾನರು ಮೇಜಿನ ಮೇಲೆ ಅಂಟಿಸಿಕೊಂಡಿದ್ದಾರೆ.

ಅದೇ ವರ್ಷ ನವರಾತ್ರಿಗೆ ಹೊಸ ಮಂಜಿಯೊಂದಿಗೆ ಗಂಗೊಳ್ಳಿಗೆ ಹೋದೆವು. ಭಾವನವರಿಗೆ ಆಗ ಎಂಬತ್ತಾರು. ಜಗಲಿಯಲ್ಲಿ ಕೂಡಿಸಿ ಮಡಿಲಲ್ಲಿಟ್ಟೆವು. ಕೈ ಹಿಂದಿನಿಂದ ಬಂತು, ಹೊಟ್ಟೆಯನ್ನು ದಾಟಿತು, ಮೂತಿಯನ್ನು ಹಿಡಿದು ಮೇಲೇರಿತು, ತುದಿಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಯಜಮಾನರು ಪರೀಕ್ಷೆ ಬರೆದ ಹುಡುಗನಂತೆ ನಿಂತಿದ್ದರು. ಭಾವನವರು ಒಳ್ಳೆಯದು ಕೆಟ್ಟದ್ದು ಏನನ್ನೂ ಹೇಳದೆ, "ಹಂಚು ತುಂಬ್ಸಿಯಾ?" ಎಂದು ಕೇಳಿದರು. ಇನ್ನೂ ಇಲ್ಲವೆಂದೆವು. ಮಂಜಿಯನ್ನು ಪಕ್ಕಕ್ಕೆ ಹೊರಳಿಸಿ, ಮೇಲಂಚಿನಿಂದ ಹಲಗೆಗಳನ್ನು ಬೆರಳಿನಲ್ಲಿ ಎಣಿಸಿ, ಮೂರನೆಯ ಸಂದಿನ ಮೇಲೆ ಹೆಬ್ಬೆರಳಿನ ಉಗುರಿನಿಂದ ಉದ್ದಕ್ಕೂ ಒಂದು ಗೀಟು ಹಾಕಿದರು. "ನೀರ್ ಇಲ್ಲಿಂದ ಮೇಲೆ ಬಪ್ಪುಕಾಗ."

ಮುಂಬಯಿಗೆ ಬಂದ ಮೇಲೆ ಯಜಮಾನರು ಆ ಗೀಟಿನ ಮೇಲೆ ಉಪ್ಪುಕಾಗದ ಉಜ್ಜಲಿಲ್ಲ. ಲಾಲ್‌ಬಾಗಿನಲ್ಲಿ ಕೆಡವುತ್ತಿದ್ದ ಒಂದು ಹಳೆಯ ಚಾಳಿನಿಂದ ಒಡೆದ ಮಂಗಳೂರು ಹಂಚೊಂದನ್ನು ತಂದು, ಹ್ಯಾಕ್ಸಾ ಗರಗಸದಿಂದ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಚೂರುಗಳನ್ನು ಕೊಯ್ದರು. ಪ್ರಮಾಣದ ಲೆಕ್ಕಕ್ಕೆ ಅವು ತೀರ ದೊಡ್ಡವೇ, ಆದರೆ ಅದಕ್ಕಿಂತ ಸಣ್ಣದಾಗಿ ಕೊಯ್ದರೆ ಹಂಚು ಪುಡಿಯಾಗುತ್ತದೆ. ನೂರಿಪ್ಪತ್ತು ಚೂರುಗಳಾದವು. ಒಂದು ಭಾನುವಾರ ಬಚ್ಚಲಿನ ತೊಟ್ಟಿಗೆ ನೀರು ತುಂಬಿಸಿ ಮಂಜಿಯನ್ನು ಬಿಟ್ಟೆವು. ತೇಲಿತು, ಎಡಕ್ಕೆ ತುಸು ವಾಲಿತು, ಸರಿಪಡಿಸಿದೆವು. ಹಂಚುಗಳನ್ನು ಒಂದೊಂದಾಗಿ ಎಣಿಸಿ ಇಟ್ಟೆವು. ನೂರಹನ್ನೆರಡಕ್ಕೆ ನೀರು ಗೀಟನ್ನು ಮುಟ್ಟಿತು. ಮಿಕ್ಕ ಎಂಟನ್ನು ಡಬ್ಬಿಯಲ್ಲಿ ಹಾಕಿ ಮೇಲಿಟ್ಟಿದ್ದೇವೆ.